ತೊಗಲಪಟ್ಟಿಯ ಋಣ

ಹರಿತವಾದ ವಸ್ತುವನ್ನು ಕಂಡವರು ಆ ಹರಿತವು ಅದರದೇ ಸ್ವಭಾವವೆಂದು ಎಣಿಸುವುದು ಲೋಕರೂಢಿ. ಕತ್ತಿಯನ್ನು ಹೊಗಳುವವನು ಉಕ್ಕನ್ನು ಹೊಗಳುತ್ತಾನೆ. ಪಂಡಿತನನ್ನು ಹೊಗಳುವವನು ಅವನ ವಂಶವನ್ನೋ ವಿದ್ಯೆಯನ್ನೋ ಹೊಗಳುತ್ತಾನೆ. ಆ ಹರಿತವನ್ನು ದಿನದಿನವೂ ಉಳಿಸಿಕೊಟ್ಟ ಮೆತ್ತನೆಯ ವಸ್ತು ಯಾವುದು, ಅದು ಯಾರ ಕೈಯಿಂದ ಬಂದಿತು, ಆ ಕೈಗೆ ಸಲ್ಲತಕ್ಕದ್ದು ಸಂದಿತೇ ಎಂದು ಕೇಳುವವರು ವಿರಳ. ಕ್ಷೌರದ ಕತ್ತಿಯನ್ನು ಉಜ್ಜುವ ತೊಗಲಪಟ್ಟಿಯನ್ನು ಮುಂದಿಟ್ಟುಕೊಂಡು ಇಂಥ ಪ್ರಶ್ನೆಯನ್ನು ಎತ್ತುವುದು ಕೆಲವರಿಗೆ ವಿನೋದವಾಗಿ ತೋರೀತು. ಆದರೆ ಧರ್ಮಸಂದೇಹಗಳು ಯಜ್ಞಶಾಲೆಯಲ್ಲಿ ಮಾತ್ರ ಹುಟ್ಟಬೇಕೆಂಬ ನಿಯಮವಿಲ್ಲ. ಬಚ್ಚಲಮನೆಯ ಗೂಡಿನಲ್ಲಿಯೂ ಅವು ಕಾದಿರುವುದುಂಟು.

ಕಠೋಪನಿಷತ್ತು ಆತ್ಮಜ್ಞಾನದ ದಾರಿಯನ್ನು ಕ್ಷುರದ ಧಾರೆಗೆ ಹೋಲಿಸಿತು. ಸಂಸ್ಕೃತದ ‘ಕ್ಷುರ’ ಶಬ್ದವೂ ಗ್ರೀಕರ ‘ಕ್ಸುರೋನ್’ ಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರ ಮತ. ಹೋಮರನ ಇಲಿಯಡ್ ಕಾವ್ಯದಲ್ಲಿಯೂ ಒಂದು ಸೇನೆಯ ಅಳಿವು ಉಳಿವುಗಳು ಕ್ಷುರದ ಅಂಚಿನ ಮೇಲೆ ನಿಂತಿರುವ ಮಾತು ಬರುತ್ತದೆ. ಹೀಗೆ ದೂರದೂರದ ಎರಡು ಜನಾಂಗಗಳ ಹಿರಿಯರು ಅಂಚನ್ನು ಕಂಡು ಬೆರಗಾದರು. ಆದರೆ ಉಪನಿಷತ್ತು ಆ ಧಾರೆಗೆ ‘ನಿಶಿತ’ ಎಂಬ ವಿಶೇಷಣವನ್ನು ಕೊಟ್ಟಿರುವುದನ್ನು ವ್ಯಾಕರಣ ಬಲ್ಲವರು ಗಮನಿಸಬೇಕು. ನಿಶಿತವೆಂದರೆ ಹರಿತ ಮಾಡಲ್ಪಟ್ಟದ್ದು. ಕರ್ಮಣಿ ಪ್ರಯೋಗವಿದ್ದ ಕಡೆ ಕರ್ತೃವು ಕಾಣಿಸದಿದ್ದರೂ ಇಲ್ಲವೆಂದು ಅರ್ಥವಲ್ಲ. ಹರಿತ ಮಾಡಲ್ಪಟ್ಟದ್ದೆಂದ ಮೇಲೆ ಹರಿತ ಮಾಡಿದವನೊಬ್ಬನು ಇದ್ದೇ ಇರಬೇಕು. ಆ ಕಾಣದ ಕರ್ತೃವನ್ನು ಕುರಿತದ್ದೇ ಈ ವಿಚಾರ.

ದೃಷ್ಟಾಂತಕ್ಕಾಗಿ ಆಂಡರ್ಸನ್‌ಪೇಟೆಯಲ್ಲಿ ಒಬ್ಬ ತರುಣನಿದ್ದಾನೆಂದು ಇಟ್ಟುಕೊಳ್ಳಬಹುದು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ದೊಡ್ಡವನಾದವನು. ಆ ಊರಿನ ಸಾವಿರಾರು ಮಂದಿಯಂತೆ ಅವನೂ ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲನ್ನು ಬೆಳಗಿನ ಜಾವದಲ್ಲಿ ಹಿಡಿದು ದುಡಿಮೆಗೆ ಹೋಗತಕ್ಕವನು. ಅವನ ಅಜ್ಜನು ಗಣಿಯ ಆಳದಲ್ಲಿ ದುಡಿದವನು. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಒಂದು ದಿನ ಅವನಿಗೆ ಎರಡು ವಸ್ತುಗಳು ದೊರೆತವು. ಒಂದು, ಮಡಿಸುವ ಕ್ಷೌರದ ಕತ್ತಿ. ಅದರ ಬುಡದಲ್ಲಿ ಜರ್ಮನಿಯ ಸೋಲಿಂಗೆನ್ ಪಟ್ಟಣದ ಹೆಸರು ಕೆತ್ತಿದೆ. ಇನ್ನೊಂದು, ಒಣಗಿ ಕಪ್ಪಾದ ಒಂದು ತೊಗಲಪಟ್ಟಿ. ಅದರ ಮೇಲೆ ಯಾರ ಹೆಸರೂ ಇಲ್ಲ. ತರುಣನು ಕತ್ತಿಯನ್ನು ಎಣ್ಣೆಬಟ್ಟೆಯಿಂದ ಒರೆಸಿ ಗೆಳೆಯರಿಗೆ ತೋರಿಸಿದನು. ಪಟ್ಟಿಯನ್ನು ಹಿತ್ತಲ ಗೋಡೆಯ ಮೇಲೆ ಎಸೆದನು. ಹೆಸರುಳ್ಳದ್ದು ಉಳಿಯಿತು, ಹೆಸರಿಲ್ಲದ್ದು ಹೊರಬಿದ್ದಿತು. ಲೋಕದ ನ್ಯಾಯವೆಲ್ಲವೂ ಈ ಸಣ್ಣ ಕೆಲಸದಲ್ಲಿ ಇದೆ.

ಅವನು ಆ ಕತ್ತಿಯಿಂದಲೇ ಮುಖಕ್ಷೌರ ಮಾಡಿಕೊಳ್ಳಲು ಹೊರಟನು. ಇಂಥ ಕತ್ತಿಗಳನ್ನು ಜನರು ಹೆಚ್ಚುಕಡಮೆ ಮರೆತಿದ್ದರು. ಅಮೆರಿಕದ ಕಿಂಗ್ ಜಿಲೆಟ್ ಎಂಬವನು 1903ರಲ್ಲಿ ಬಳಸಿ ಬಿಸಾಡುವ ಅಲಗನ್ನು ಮಾರಾಟಕ್ಕೆ ತಂದ ಮೇಲೆ ಮಸೆಯುವ ವಿದ್ಯೆಯು ಮನೆಗಳಿಂದ ಮೆಲ್ಲಮೆಲ್ಲನೆ ಹೊರಟುಹೋಯಿತು. ಕ್ಷೌರದ ಅಂಗಡಿಗಳಲ್ಲಿಯೂ ಇಂದು ಬ್ಲೇಡನ್ನು ಮುರಿದು ಹಿಡಿಗೆ ಸಿಕ್ಕಿಸಿ, ಒಬ್ಬೊಬ್ಬ ಗಿರಾಕಿಗೂ ಹೊಸದನ್ನು ಬಳಸುವ ಪದ್ಧತಿ ಇದೆ; ರಕ್ತದ ಮೂಲಕ ಹರಡುವ ಹೆಪಟೈಟಿಸ್, ಎಚ್‌ಐವಿ ಮುಂತಾದ ಸೋಂಕುಗಳ ಭಯವಿರುವಾಗ ಅದೇ ಸರಿಯಾದ ಪದ್ಧತಿ. ಹಲವರ ಮುಖಕ್ಕೆ ಒಂದೇ ಕತ್ತಿ, ಆ ಕತ್ತಿಗೆ ಒಂದೇ ಪಟ್ಟಿ ಎಂಬುದು ಇನ್ನು ಕೂಡದು. ಒಬ್ಬನ ಕತ್ತಿ, ಒಬ್ಬನ ಪಟ್ಟಿ, ಒಬ್ಬನ ಮುಖ ಎಂಬಷ್ಟು ಮಟ್ಟಿಗೆ ಮಾತ್ರ ಈ ವಿದ್ಯೆಗೆ ಈಗ ಎಡೆಯುಂಟು.

ತರುಣನು ಮೊದಲು ಮಾಡಿದ ತಪ್ಪು, ಕಲ್ಲೊಂದೇ ಸಾಕೆಂದು ತಿಳಿದದ್ದು. ಸಾಣೆಕಲ್ಲು ಮಾಡುವ ಕೆಲಸ ಬೇರೆ, ತೊಗಲು ಮಾಡುವ ಕೆಲಸ ಬೇರೆ. ಕಲ್ಲು ಉಕ್ಕನ್ನು ಸವೆಸಿ ಅಂಚನ್ನು ಹುಟ್ಟಿಸುತ್ತದೆ. ತೊಗಲು ಸವೆಸುವುದು ಇಲ್ಲವೆನ್ನುವಷ್ಟು ಕಡಮೆ, ಅದು ಹುಟ್ಟಿದ ಅಂಚನ್ನು ನೇರ್ಪಡಿಸುತ್ತದೆ, ಅದಕ್ಕೆ ಹತ್ತಿದ ಕೊಳೆಯನ್ನೂ ತೇವವನ್ನೂ ತೆಗೆಯುತ್ತದೆ. ಮನೆಬಳಕೆಯ ಕತ್ತಿಗೆ ಕಲ್ಲು ಹಲವು ತಿಂಗಳಿಗೊಮ್ಮೆ ಬೇಕಾದೀತು. ತೊಗಲು ಪ್ರತಿ ಕ್ಷೌರಕ್ಕೂ ಬೇಕು. ಹೀಗೇಕೆಂಬುದಕ್ಕೆ ಕಾರಣವುಂಟು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಶೋಧನೆಯಂತೆ, ಮನುಷ್ಯನ ಕೂದಲು ಕತ್ತಿಯ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಆ ಕೂದಲೇ ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆಯು ಒಂದೇ ಸಮನಾಗಿಲ್ಲದ ಎಡೆಗಳಲ್ಲಿ, ಅಂಚಿನಿಂದ ಕಣ್ಣಿಗೆ ಕಾಣದ ಚಕ್ಕೆಗಳು ಹಾರುತ್ತವೆ. ಮೆದುವಾದದ್ದು ಗಟ್ಟಿಯಾದದ್ದನ್ನು ಕೆಡಿಸಬಲ್ಲದು. ಮೆದುವಾದ ಇನ್ನೊಂದೇ ಅದನ್ನು ದಿನವೂ ತಿದ್ದಬಲ್ಲದು. ಗಟ್ಟಿತನವೊಂದೇ ಬಲವೆಂದು ನಂಬಿದವರಿಗೆ ಇದು ಪಾಠ.

ಆದಕಾರಣ ಅವನಿಗೆ ಪಟ್ಟಿ ಬೇಕಾಯಿತು. ಹೊಸಬನು ಪಟ್ಟಿಯನ್ನು ಆರಿಸುವಾಗ ನೋಡತಕ್ಕದ್ದು ಬಹಳವೇನಿಲ್ಲ. ಕತ್ತಿಯ ಅಲಗು ಸಾಮಾನ್ಯವಾಗಿ 3 ಅಂಗುಲದ ಆಸುಪಾಸಿನಲ್ಲಿರುತ್ತದೆ. ಪಟ್ಟಿಯೂ 3 ಅಂಗುಲ ಅಗಲವಿದ್ದರೆ ಅಲಗು ಪೂರ್ತಿಯಾಗಿ ಅದರ ಮೇಲೆ ಕೂರುತ್ತದೆ. ನೇರವಾಗಿ ಎಳೆದರೆ ಸಾಕು. 2 ಅಥವಾ ಎರಡೂವರೆ ಅಂಗುಲದ್ದಾದರೆ ಅಲಗನ್ನು ಬುಡದಿಂದ ತುದಿಯವರೆಗೆ ಓರೆಯಾಗಿ ಜಾರಿಸುತ್ತ ಎಳೆಯಬೇಕು. ಕೈ ಪಳಗಿದ ಮೇಲೆ ಅದೂ ಸುಲಭ, ಮೊದಲಲ್ಲಿ ಕಷ್ಟ. ಉದ್ದವು ಒಂದೂವರೆ ಅಡಿಗೆ ಕಡಮೆಯಾಗಬಾರದು. ದನ, ಎಮ್ಮೆ, ಕುದುರೆ ಮುಂತಾದವುಗಳ ತೊಗಲು ಬಳಕೆಯಲ್ಲಿ ಉಂಟು. ಕುದುರೆಯ ಹಿಂಭಾಗದ ತೊಗಲು ನುಣುಪೆಂದು ಹೆಸರಾದದ್ದು, ಅದಕ್ಕೆ ತಕ್ಕಂತೆ ದುಬಾರಿ. ಎಮ್ಮೆಯದು ಕತ್ತಿಯನ್ನು ಸ್ವಲ್ಪ ಹಿಡಿದುಕೊಂಡಂತೆ ಎಳೆತವನ್ನು ತೋರುತ್ತದೆ. ಯಾವುದಾದರೂ ಸರಿಯೆ, ದಪ್ಪವು ಒಂದೇ ಸಮನಾಗಿರಬೇಕು, ಗಂಟಾಗಲಿ ಗಾಯದ ಕಲೆಯಾಗಲಿ ಇರಕೂಡದು, ಬಗ್ಗಿಸಿದರೆ ಸೀಳಬಾರದು, ಅಂಗೈಯಿಂದ ಸವರಿದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಸ್ಪರ್ಶವಾಗಬೇಕು. ಹಿಂಬದಿಯಲ್ಲಿ ನಾರುಬಟ್ಟೆಯದೋ ಗಟ್ಟಿ ಹತ್ತಿಬಟ್ಟೆಯದೋ ಇನ್ನೊಂದು ಪಟ್ಟಿ ಇದ್ದರೆ ಉತ್ತಮ.

ಇಲ್ಲಿ ಬಲ್ಲವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಮೊದಲನೆಯ ಪಟ್ಟಿಯು ಅಗ್ಗದ್ದಾಗಿರಲಿ. ಏಕೆಂದರೆ ಹೊಸಬನು ಅದನ್ನು ಕೊಯ್ಯದೆ ಬಿಡುವುದಿಲ್ಲ. ಕಲಿಯುವವನ ಕತ್ತಿಗೆ ಮೊದಲು ಸಿಕ್ಕುವುದು ಅವನ ಗಡ್ಡವಲ್ಲ, ಅವನ ಗುರು.

ಉಪಯೋಗದ ಕ್ರಮವೂ ಸರಳವೇ. ಪಟ್ಟಿಯ ಒಂದು ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯತಕ್ಕದ್ದು. ಜೋತಾಡಿದರೆ ತೊಗಲು ಅಂಚಿನ ಸುತ್ತ ಬಾಗಿ ಅದನ್ನು ಉರುಟಾಗಿಸುತ್ತದೆ. ಕತ್ತಿಯನ್ನು ಪಟ್ಟಿಯ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು. ಬೆನ್ನೂ ಅಂಚೂ ಎರಡೂ ತೊಗಲನ್ನು ಮುಟ್ಟಿರಬೇಕು. ಎಳೆಯುವಾಗ ಬೆನ್ನು ಮುಂದೆ, ಅಂಚು ಹಿಂದೆ. ಕೊನೆ ಮುಟ್ಟಿದ ಮೇಲೆ ನಿಂತು, ಬೆನ್ನು ತೊಗಲನ್ನು ಬಿಡದಂತೆ, ಅದರ ಮೇಲೆಯೇ ಅಲಗನ್ನು ಮಗುಚಿ ಹಿಂದಕ್ಕೆ ತರಬೇಕು. ಅಂಚಿನ ಮೇಲೆ ಮಗುಚಿದರೆ ಪಟ್ಟಿಗೂ ಗಾಯ, ಅಂಚಿಗೂ ಕೇಡು. ಕತ್ತಿಯ ತೂಕವೇ ಸಾಕು. ಕೈಯ ಒತ್ತಡವನ್ನು ಸೇರಿಸಕೂಡದು. ಬಟ್ಟೆಯ ಮೇಲೆ 20, 30 ಸಲ, ತೊಗಲಿನ ಮೇಲೆ 50, 60 ಸಲ ಹೋಗಿಬಂದರೆ ಒಂದು ಕ್ಷೌರಕ್ಕೆ ಸಾಕಾಗುವುದು. ತೊಗಲಿಗೆ ಎಣ್ಣೆಯನ್ನು ಬಳಿಯುವ ಆತುರ ಬೇಡ. ಮಸೆಯುವ ಮುನ್ನ ಅಂಗೈಯಿಂದ ಚೆನ್ನಾಗಿ ಉಜ್ಜಿದರೆ ಮೈಯ ಕಾವೂ ಜಿಡ್ಡೂ ಅದಕ್ಕೆ ಆಹಾರ. ಉಕ್ಕನ್ನು ಸವೆಸುವ ಹಸಿರು, ಕೆಂಪು ಪುಡಿಗಳ ಲೇಪಕ್ಕೆ ಬೇರೆ ಪಟ್ಟಿಯನ್ನು ಇಟ್ಟುಕೊಳ್ಳಬೇಕು. ದಿನಬಳಕೆಯದಕ್ಕೆ ಅವನ್ನು ಹಚ್ಚಬಾರದು. ನೀರು ತಾಗಬಾರದು, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಯಾಡುವ ಕಡೆ ತೂಗುಹಾಕಬೇಕು. ಸಣ್ಣ ಗಾಯವಾದರೆ ನಯವಾದ ಉಪ್ಪುಕಾಗದದಿಂದ ಸವರಿ ಸಮ ಮಾಡಬಹುದು.

ಇಷ್ಟನ್ನೂ ಓದಿ ತಿಳಿದುಕೊಂಡ ಮೇಲೂ ತರುಣನು ಮೂರು ತಪ್ಪುಗಳನ್ನು ಮಾಡಿದನು. ರೈಲಿನ ಹೊತ್ತು ಸಮೀಪಿಸಿದಾಗ ಅವಸರಪಟ್ಟನು. ಕತ್ತಿ ಮಗುಚಿಕೊಂಡಿತು, ಪಟ್ಟಿಯಲ್ಲಿ ಅರ್ಧಚಂದ್ರದಂತೆ ಒಂದು ಕೊಯ್ತ ಎದ್ದಿತು. ಹರಿತ ಸಾಲದೆಂದು ಒತ್ತಿ ಎಳೆದನು. ಹರಿತ ಇನ್ನಷ್ಟು ಕೆಟ್ಟಿತು. ಒಂದು ವಾರದ ಮೇಲೆ ಅಲಗು ಚೆನ್ನಾಗಿ ನಡೆದಾಗ, ಇನ್ನು ನಾಲ್ಕು ದಿನ ಪಟ್ಟಿಯ ಹಂಗಿಲ್ಲವೆಂದು ಬಿಟ್ಟನು. ಐದನೆಯ ದಿನ ಗಲ್ಲದಲ್ಲಿ ರಕ್ತ ಕಂಡಿತು. ಮೊಂಡು ಕತ್ತಿಯೇ ಹರಿತವಾದದ್ದಕ್ಕಿಂತ ಹೆಚ್ಚು ಗಾಯಮಾಡುತ್ತದೆ; ಏಕೆಂದರೆ ಅದನ್ನು ಹಿಡಿದವನು ಬಲವನ್ನು ಪ್ರಯೋಗಿಸುತ್ತಾನೆ. ಅವಸರ, ಬಲಾತ್ಕಾರ, ಸಾಕೆಂಬ ಗರ್ವ ಈ ಮೂರೂ ಕತ್ತಿಗೆ ಮಾತ್ರ ಶತ್ರುಗಳಲ್ಲ. ವಿದ್ಯೆಯ ಅಂಚೂ ಹೀಗೆಯೇ ಮುರಿಯುವುದು. ಶಾಸ್ತ್ರವು ಕಲ್ಲಿನಂತೆ, ಒಮ್ಮೆ ಉಜ್ಜಿ ಬುದ್ಧಿಗೆ ಅಂಚನ್ನು ಕೊಡುತ್ತದೆ. ಆ ಅಂಚು ಪರರನ್ನು ಕೊಯ್ಯದೆ ಕೆಲಸ ಮಾಡಬೇಕಾದರೆ ತನಗಿಂತ ಮೆದುವಾದ, ತನ್ನಷ್ಟು ಹೆಸರಿಲ್ಲದ ಜನರ ಸಹವಾಸದಲ್ಲಿ ದಿನವೂ ಅದು ತಿದ್ದಿಕೊಳ್ಳಬೇಕು. ಆ ತಿದ್ದುಪಡಿಯಿಲ್ಲದ ಪಾಂಡಿತ್ಯವು ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳ ಮನಸ್ಸಿಗೆ ಗಾಯಮಾಡಿದೆಯೆಂಬುದನ್ನು ಪಾಠಶಾಲೆಗಳನ್ನು ಬಲ್ಲವರು ಬಲ್ಲರು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಹಿತೋಪದೇಶವಾಗಿ ಮುಗಿಯುತ್ತಿತ್ತು. ಆದರೆ ತೊಗಲು ಮರದಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಒಂದು ಊರೂ ಒಂದು ಕುಲವೂ ಉಂಟು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯು ಕೋಲಾರ ಜಿಲ್ಲೆಯನ್ನು ಹಾದು ಬೇತಮಂಗಲದ ಕೆರೆಗೆ ಬರುತ್ತದೆ. ಆ ಕೆರೆಯೇ ಬಹುಕಾಲ ಗಣಿಯೂರಿಗೆ ನೀರುಣಿಸಿತು. ಅದೇ ನದಿ ಕೆಳಗಿಳಿದು ತಮಿಳುನಾಡಿನ ವಾಣಿಯಂಬಾಡಿ, ಆಂಬೂರುಗಳನ್ನು ಮುಟ್ಟುತ್ತದೆ. ಅವು ತೊಗಲು ಹದಮಾಡುವುದಕ್ಕೆ ಹೆಸರಾದ ಊರುಗಳು. ಹಸಿ ತೊಗಲನ್ನು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕಿ, ಕೂದಲನ್ನು ಹೆರೆದು, ಮಾಂಸವನ್ನು ಕಿತ್ತು, ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದವುಗಳ ಕಷಾಯದಲ್ಲಿ ದಿನಗಟ್ಟಲೆ ಇಟ್ಟು ಹದಗೊಳಿಸುವುದು ಹಳೆಯ ಕ್ರಮ. ಬಳಿಕ ಕ್ರೋಮಿಯಂ ಲವಣಗಳ ಕ್ರಮ ಬಂದಿತು. ಕೆಲಸ ಬೇಗವಾಯಿತು, ನದಿ ಕೆಟ್ಟಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೆಲ್ಲೂರಿನ ನಾಗರಿಕರ ಮೊಕದ್ದಮೆಯಲ್ಲಿ, ಕೆಡಿಸಿದವನೇ ತೆತ್ತು ಸರಿಪಡಿಸಬೇಕೆಂಬ ತತ್ತ್ವವನ್ನು ಎತ್ತಿಹಿಡಿದದ್ದು ಈ ಪಾಲಾರಿನ ತೊಗಲ ಕಾರ್ಖಾನೆಗಳ ವಿಷಯದಲ್ಲಿಯೇ. ಆ ತೊಟ್ಟಿಗಳಲ್ಲಿ ಮೊಣಕಾಲುದ್ದ ನಿಂತವನ ಕೈಕಾಲುಗಳ ಚರ್ಮ ಬಿರಿಯುತ್ತದೆ. ಇನ್ನೊಬ್ಬನ ಕೆನ್ನೆ ನುಣುಪಾಗುವುದಕ್ಕೆ ಮೊದಲು ಇವನ ಚರ್ಮ ಒರಟಾಗಿರುತ್ತದೆ.

ಈ ಕೈಯನ್ನು ಸಮಾಜವು ಏನೆಂದು ಕರೆಯಿತು? ಅಮರಕೋಶದಲ್ಲಿ ಕ್ಷೌರಿಕನೂ ಚರ್ಮಕಾರನೂ ಒಂದೇ ಶೂದ್ರವರ್ಗದಲ್ಲಿ ಕಾಣಿಸುತ್ತಾರೆ. ಕ್ಷೌರಿಕನ ಹೆಸರುಗಳಲ್ಲಿ ‘ಅಂತಾವಸಾಯಿ’ ಎಂಬುದೂ ಒಂದು, ಎಂದರೆ ಊರಿನ ಕೊನೆಯಲ್ಲಿ ವಾಸಿಸುವವನು. ಆದರೆ ಊರಿನ ನಡುವಿನಲ್ಲಿ ನಡೆಯುವ ಶುಭಕರ್ಮಗಳು ಅವನಿಲ್ಲದೆ ಸಾಗಲಿಲ್ಲ. ಚೌಲದಲ್ಲಿ, ಉಪನಯನದಲ್ಲಿ, ತೀರ್ಥಕ್ಷೇತ್ರದ ಮುಂಡನದಲ್ಲಿ ಅವನ ಕತ್ತಿಯೇ ಶುದ್ಧಿಗೆ ದ್ವಾರ. ಚೌಲದ ಮಂತ್ರಗಳಲ್ಲಿ ಶಿಶುವಿಗೆ ಹಿಂಸೆಮಾಡಬಾರದೆಂದು ಕ್ಷುರವನ್ನೇ ಬೇಡಿಕೊಳ್ಳುವ ಕ್ರಮವುಂಟು. ಪುರೋಹಿತನು ಕತ್ತಿಯನ್ನು ಪ್ರಾರ್ಥಿಸಿದನು. ಕತ್ತಿ ಹಿಡಿದವನನ್ನು ಜಗಲಿಯ ಕೆಳಗೆ ನಿಲ್ಲಿಸಿದನು. ಇನ್ನು ತೊಗಲಿನ ಮೈಲಿಗೆಯ ಮಾತು. ಸೋಮಯಾಗದಲ್ಲಿ ಸೋಮಲತೆಯನ್ನು ಅರೆಯುತ್ತಿದ್ದದ್ದು ಎತ್ತಿನ ತೊಗಲಿನ ಮೇಲೆ. ಬ್ರಹ್ಮಚಾರಿಗೆ ಧರಿಸಲು ಹೇಳಿದ್ದು ಕೃಷ್ಣಾಜಿನ. ದೇವರ ಮುಂದೆ ನುಡಿಯುವ ಮೃದಂಗದ ಎರಡು ಮುಖಗಳೂ ತೊಗಲು. ಹಾಗಾದರೆ ತೊಗಲು ಎಂದೂ ಮೈಲಿಗೆಯಾಗಿರಲಿಲ್ಲ; ಅದನ್ನು ಹದಮಾಡಿದವನು ಮಾತ್ರ ಮೈಲಿಗೆಯಾದನು. ವಸ್ತುವನ್ನು ಒಳಗೆ ಕರೆದು ವ್ಯಕ್ತಿಯನ್ನು ಹೊರಗೆ ನಿಲ್ಲಿಸುವ ಶುದ್ಧಿಯು ಶುದ್ಧಿಯೇ ಎಂಬುದೇ ಇಲ್ಲಿಯ ಧರ್ಮಸಂದೇಹ.

ಈ ಸಂದೇಹದ ಕಹಿಯಾದ ಭಾಗ ಇನ್ನೊಂದಿದೆ. ಹಳ್ಳಿಯ ಕ್ಷೌರಿಕನು ತಾನು ತುಚ್ಛೀಕಾರಕ್ಕೆ ಗುರಿಯಾಗಿದ್ದರೂ, ಊರ ದೊಡ್ಡವರ ಭಯದಿಂದಲೋ ರೂಢಿಯಿಂದಲೋ, ತೊಗಲು ಕೆಲಸದವನ ಕೇರಿಗೆ ಕ್ಷೌರ ಮಾಡಲು ನಿರಾಕರಿಸಿದ ಉದಾಹರಣೆಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ತೊಗಲ ಮೇಲೆ ಎಳೆದ ಕತ್ತಿ ನೇರವಾಗಿ ಊರ ಗೌಡನ ಕೆನ್ನೆಗೆ ಹೋಗುತ್ತಿತ್ತು. ನಡುವೆ ಗಂಗಾಜಲದ ಪ್ರೋಕ್ಷಣೆಯೇನೂ ಇರಲಿಲ್ಲ. ಆ ತೊಗಲನ್ನು ಕೊಟ್ಟವನ ಕೆನ್ನೆಗೆ ಮಾತ್ರ ಅದೇ ಕತ್ತಿ ಹೋಗಲಿಲ್ಲ. ಅವನು ಕೊಟ್ಟ ಹರಿತದಿಂದ ಅವನೊಬ್ಬನೇ ವಂಚಿತನಾದನು.

ಇಲ್ಲಿ ಪೂರ್ವಪಕ್ಷಿಯು ಮೂರು ಮಾತುಗಳನ್ನು ಹೇಳಬಹುದು. ತೊಗಲಿಗೆ ಬೆಲೆಯನ್ನು ಕೊಟ್ಟು ಕೊಂಡ ಮೇಲೆ ಋಣವೆಲ್ಲಿಯದು ಎಂಬುದು ಮೊದಲನೆಯದು. ಪ್ರಾಣಿಯ ಸಾವಿನಿಂದ ಬಂದ ವಸ್ತುವನ್ನು ದಯಾವಂತನು ಮುಟ್ಟುವುದೇ ತಪ್ಪಲ್ಲವೆ ಎಂಬುದು ಎರಡನೆಯದು. ಅಸ್ಪೃಶ್ಯತೆ ಕಾನೂನಿನಿಂದ ಅಳಿದಿರುವಾಗ ಸತ್ತ ಸಂಗತಿಯನ್ನು ಕೆದಕುವುದೇಕೆ ಎಂಬುದು ಮೂರನೆಯದು. ಮೂರಕ್ಕೂ ಸಮಾಧಾನವನ್ನು ಹೇಳಬೇಕಾದದ್ದು ನ್ಯಾಯ.

ಮೊದಲನೆಯದಕ್ಕೆ: ಬೆಲೆಯು ವಸ್ತುವಿನ ಸಾಲವನ್ನು ತೀರಿಸುತ್ತದೆ, ಸಂಬಂಧದ ಸಾಲವನ್ನಲ್ಲ. ಶತಪಥಬ್ರಾಹ್ಮಣವು ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಎಣಿಸಿದೆ. ಮೊದಲ ಮೂರನ್ನು ಬಾಯಿಪಾಠ ಮಾಡಿದವರು ನಾಲ್ಕನೆಯದನ್ನು ಮರೆತರು. ಮನುಷ್ಯಋಣವು ತೀರುವುದು ಮನುಷ್ಯನನ್ನು ಮನೆಯೊಳಗೆ ಬರಮಾಡಿಕೊಂಡು ಉಪಚರಿಸುವುದರಿಂದ. ನಾಣ್ಯವನ್ನು ಹೊಸ್ತಿಲಾಚೆಯಿಂದ ಎಸೆಯುವುದರಿಂದಲ್ಲ.

ಎರಡನೆಯದಕ್ಕೆ: ಆ ಸಂಕೋಚವು ಪ್ರಾಮಾಣಿಕವಾದರೆ ಗೌರವಕ್ಕೆ ಅರ್ಹ. ತೊಗಲನ್ನು ಒಲ್ಲದವನು ನಾರುಬಟ್ಟೆಯಿಂದಲೋ ದಪ್ಪ ಹತ್ತಿಬಟ್ಟೆಯಿಂದಲೋ ಹಲಗೆಗೆ ಹಾಸಿದ ಕಾಗದದಿಂದಲೋ ಕೆಲಸವನ್ನು ಮಾಡಿಕೊಳ್ಳಬಹುದು. ಹರಿತ ತಕ್ಕಮಟ್ಟಿಗೆ ನಿಲ್ಲುತ್ತದೆ. ಹಳೆಯ ಕ್ಷೌರಿಕರು ಪಟ್ಟಿಯಿಲ್ಲದ ಕಡೆ ಕೊನೆಯ ನುಣುಪನ್ನು ತಮ್ಮ ಅಂಗೈಯ ಮೇಲೆಯೇ ಕೊಡುತ್ತಿದ್ದರು. ಆದರೆ ಅಂಗೈಯೂ ತೊಗಲೇ ತಾನೆ? ಪ್ರಾಣಿಯ ತೊಗಲನ್ನು ಬಿಟ್ಟವನು ಮನುಷ್ಯನ ತೊಗಲಿಗೆ ಬಂದು ನಿಲ್ಲುತ್ತಾನೆ. ಅಲ್ಲಿಂದ ಓಡಿಹೋಗಲು ದಾರಿಯಿಲ್ಲ. ಯಾರದೋ ಕೈಯ ಚರ್ಮ ಸವೆಯದೆ ಲೋಕದಲ್ಲಿ ಯಾವ ಅಂಚೂ ಹರಿತವಾಗಿ ಉಳಿದಿಲ್ಲ.

ಮೂರನೆಯದಕ್ಕೆ: 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು, 15ನೆಯ ಅನುಚ್ಛೇದದಲ್ಲಿ ಅಂಗಡಿಗಳ ಪ್ರವೇಶಕ್ಕೆ ಜಾತಿಯ ಅಡ್ಡಿ ಇರಕೂಡದೆಂದಿತು. ಅಂಗಡಿಯೆಂಬ ಶಬ್ದವನ್ನು ಅತ್ಯಂತ ವ್ಯಾಪಕವಾದ ಅರ್ಥದಲ್ಲಿ, ಹಣ ಪಡೆದು ಸೇವೆಮಾಡುವ ಎಡೆಗಳಿಗೂ ಅನ್ವಯಿಸುವಂತೆ ತೆಗೆದುಕೊಳ್ಳಬೇಕೆಂದು ಅಂಬೇಡ್ಕರರು 1948ರಲ್ಲಿ ಸಂವಿಧಾನಸಭೆಯಲ್ಲಿ ವಿವರಿಸಿದ್ದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಿಂದ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯೆಂಬ ಹೆಸರಿನಿಂದ, ಇಂಥ ನಿರಾಕರಣೆಗೆ ದಂಡನೆಯನ್ನೂ ವಿಧಿಸಿತು. ಇಷ್ಟಾದರೂ ದಲಿತರಿಗೆ ಕ್ಷೌರವನ್ನು ನಿರಾಕರಿಸಿದ ಸುದ್ದಿಗಳು ಈ ಶತಮಾನದಲ್ಲಿಯೂ ನಿಂತಿಲ್ಲ. ಕಾನೂನು ಸಾಣೆಕಲ್ಲಿನಂತೆ ಅಂಚನ್ನು ಕೊಟ್ಟಿದೆ. ಅದನ್ನು ದಿನವೂ ನೇರ್ಪಡಿಸುವ ತೊಗಲು ಜನರ ನಡತೆ. ಆ ಎರಡನೆಯದು ಸಾಲದೆ ಹೋದರೆ ಮೊದಲನೆಯದು ಮೊಂಡಾಗುತ್ತದೆ.

ಗಣಿಯೂರಿನ ಜನರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾದದ್ದಿಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪೆನಿಯವರು ಗಣಿಗಳನ್ನು ನಡೆಸತೊಡಗಿದಾಗ ಆಳಕ್ಕೆ ಇಳಿಯಲು ಬಂದವರಲ್ಲಿ ಬಹುಮಂದಿ ಉತ್ತರ ಆರ್ಕಾಟ್ ಮೊದಲಾದ ಸೀಮೆಗಳ ದಲಿತರು. ಹಳ್ಳಿಗಳಲ್ಲಿ ಜೀತಕ್ಕೂ ತಮಟೆಗೂ ಸತ್ತ ದನದ ಕೆಲಸಕ್ಕೂ ಕಟ್ಟಿಹಾಕಲ್ಪಟ್ಟವರು. ಅಯೋತಿದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪ, ಚಾಂಪಿಯನ್ ರೀಫ್ಸ್‌ಗಳಲ್ಲಿ ಶಾಖೆಗಳು ಏರ್ಪಟ್ಟದ್ದು ಈ ಜನರ ಆತ್ಮಗೌರವದ ಹಂಬಲದಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಅಲ್ಲಿಗೆ ಬಂದಿತು. ಚಾಂಪಿಯನ್ ರೀಫ್ಸ್ ಗಣಿಯ ಆಳವು 3 ಕಿಲೋಮೀಟರನ್ನು ಮೀರಿತು. ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲುಧೂಳಿನಿಂದ ಶ್ವಾಸಕೋಶ ಕೆಟ್ಟು ಮನೆಯಲ್ಲಿ ಕೆಮ್ಮುತ್ತ ಸತ್ತವರಿದ್ದಾರೆ. ಹೊರಬಂದ ಚಿನ್ನಕ್ಕೆ ಮುದ್ರೆಯಿತ್ತು, ತೂಕವಿತ್ತು, ಒಡೆಯರ ಹೆಸರಿತ್ತು. ಅದನ್ನು ತೆಗೆದವರ ಪಾಲಿಗೆ ಉಳಿದದ್ದು ಊರ ಸುತ್ತ ಬೂದಿಬಣ್ಣದ ಸೈನೈಡ್ ದಿಬ್ಬಗಳು. ಕತ್ತಿಗೂ ಪಟ್ಟಿಗೂ ಇರುವ ಸಂಬಂಧವೇ ಚಿನ್ನಕ್ಕೂ ಆ ಜನರಿಗೂ ಇದ್ದ ಸಂಬಂಧ. ಆ ತರುಣನು ಹಿತ್ತಲ ಗೋಡೆಯ ಮೇಲೆ ಎಸೆದದ್ದು ಬರಿಯ ತೊಗಲನ್ನಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದ ಒಂದು ಕಥೆಯನ್ನು ಕನ್ನಡಿಗರು ಬಲ್ಲರು. ಸಮಗಾರ ಹರಳಯ್ಯನು ದಾರಿಯಲ್ಲಿ ಬಸವಣ್ಣನವರಿಗೆ ಶರಣೆಂದನು. ಅವರು ಎರಡು ಸಲ ಶರಣೆಂದು ಮರಳಿಸಿದರು. ತನಗೆ ಒಂದು ಶರಣು ಹೆಚ್ಚಾಗಿ ಸಂದಿತು, ಅದು ತನ್ನ ಮೇಲೆ ಋಣವಾಯಿತು ಎಂದು ಹರಳಯ್ಯನು ಕಳವಳಗೊಂಡನು. ಅವನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಗಳ ತೊಗಲನ್ನು ತೆಗೆದು ಕೆರಗಳನ್ನು ಮಾಡಿ ತಂದುಕೊಟ್ಟರು. ಬಸವಣ್ಣನವರು ಅವನ್ನು ಮೆಟ್ಟಲಾರದೆ ತಲೆಯ ಮೇಲೆ ಹೊತ್ತರೆಂದು ಜನ ಹೇಳುತ್ತಾರೆ. ಇದರಲ್ಲಿ ಇತಿಹಾಸವೆಷ್ಟು, ಭಕ್ತಿಯ ಕಲ್ಪನೆಯೆಷ್ಟು ಎಂಬ ವಿಚಾರ ಬೇರೆ. ಇಲ್ಲಿ ಗಮನಿಸಬೇಕಾದದ್ದು ಋಣದ ಲೆಕ್ಕ. ಊರಿಗೆಲ್ಲ ಕೆರ ಹೊಲಿದುಕೊಟ್ಟವನಿಗೆ ಊರು ಎಷ್ಟು ಋಣಿಯೋ ಲೆಕ್ಕವಿಲ್ಲ. ಊರು ಅದನ್ನು ನೆನೆಯಲಿಲ್ಲ. ಒಂದೇ ಒಂದು ಮಾತಿನ ಗೌರವ ಹೆಚ್ಚಾಗಿ ದೊರೆತದ್ದಕ್ಕೆ ಅವನು ತನ್ನ ಮೈಯ ತೊಗಲನ್ನೇ ತೆತ್ತನು. ಯಾರಿಗೆ ಎಲ್ಲವೂ ಸಲ್ಲಬೇಕೋ ಅವನೇ ತಾನು ಸಾಲಗಾರನೆಂದು ತಿಳಿದನು. ಯಾರು ಎಲ್ಲವನ್ನೂ ಪಡೆದರೋ ಅವರು ತಾವು ಪರಿಶುದ್ಧರೆಂದು ತಿಳಿದರು. ಈ ತಲೆಕೆಳಗಾದ ಲೆಕ್ಕವನ್ನು ನೆಟ್ಟಗೆ ಮಾಡುವುದೇ ಧರ್ಮದ ಕೆಲಸ.

ಅದನ್ನು ನೆಟ್ಟಗೆ ಮಾಡುವುದು ತೊಡೆಯ ತೊಗಲನ್ನು ತೆಗೆಯುವಷ್ಟು ಕಠಿಣವೇನೂ ಅಲ್ಲ. ತೊಗಲು ಹದಮಾಡುವವನಿಗೆ ಅವನ ಚರ್ಮ ಕೆಡದಂತೆ ಕೈಗವಸೂ ಸಾಕಷ್ಟು ಕೂಲಿಯೂ ಸಿಕ್ಕಬೇಕೆಂದು ಕೇಳುವುದು, ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ತನ್ನ ಪಕ್ಕದಲ್ಲಿ ಯಾರು ಕುಳಿತರೂ ಏಳದಿರುವುದು, ಸವಿತಾ ಸಮಾಜದವನನ್ನು ಮದುವೆಯ ಪಂಕ್ತಿಯಲ್ಲಿ ಎಲ್ಲರೊಡನೆ ಕೂರಿಸುವುದು, ಬೈಗುಳವಾಗಿ ಬಳಸುವ ಕುಲದ ಹೆಸರುಗಳನ್ನು ಬಾಯಿಂದ ಬಿಡುವುದು, ಇವು ದಿನನಿತ್ಯದ ಕೆಲಸಗಳು. ಒಂದೊಂದೂ ತೊಗಲಿನ ಮೇಲೆ ಒಂದು ಎಳೆತದಷ್ಟು ಹಗುರ. ಒತ್ತಡ ಬೇಡ, ಅವಸರ ಬೇಡ. ಆದರೆ ಒಂದು ದಿನವೂ ತಪ್ಪಬಾರದು.

ದೃಷ್ಟಾಂತದ ತರುಣನು ತಿಂಗಳೊಂದು ಕಳೆದ ಮೇಲೆ ಗಾಯವಿಲ್ಲದೆ ಕ್ಷೌರವನ್ನು ಮಾಡಿಕೊಳ್ಳಬಲ್ಲವನಾದನು. ಆಗ ಅವನಿಗೆ ಅಜ್ಜನ ಪಟ್ಟಿಯ ನೆನಪಾಯಿತು. ಗೋಡೆಯ ಮೇಲಿನಿಂದ ತಂದು ಧೂಳನ್ನು ಒರೆಸಿ ನೋಡಿದರೆ ಅದರ ನಡುಭಾಗವು ಎರಡು ಅಂಚುಗಳಿಗಿಂತ ತೆಳುವಾಗಿತ್ತು. ಕತ್ತಿಯಲ್ಲಿ ಅಷ್ಟು ಸವೆತವಿರಲಿಲ್ಲ. ಒಂದು ತುದಿಯ ಬಳಿ ಅರ್ಧಚಂದ್ರದಂತಹ ಹಳೆಯ ಕೊಯ್ತಗಳು ಮೂರು ನಾಲ್ಕು ಇದ್ದವು. ಅಜ್ಜನೂ ಒಂದು ಕಾಲದಲ್ಲಿ ಹೊಸಬನಾಗಿದ್ದನು. ಒಣಗಿ ಸೀಳಿದ ಆ ಪಟ್ಟಿ ಇನ್ನು ಮಸೆಯಲು ಬಾರದು. ಅವನು ಅದನ್ನು ಮತ್ತೆ ಎಸೆಯಲಿಲ್ಲ. ಹೊಸ ಪಟ್ಟಿಯ ಕೊಕ್ಕೆಯ ಪಕ್ಕದಲ್ಲಿ ಇನ್ನೊಂದು ಮೊಳೆಯನ್ನು ಹೊಡೆದು ತೂಗುಹಾಕಿದನು. ರೈಲಿಗೆ ಹೊತ್ತಾಗುತ್ತಿದ್ದರೂ ಆ ದಿನ ಅವಸರಪಡಲಿಲ್ಲ.